ಓದುಗ ಎಲ್ಲಿ ಕೈಬಿಟ್ಟ? ಕತೆಯ ದೋಷ ಪತ್ತೆಗೆ ಒಂದು ಕೈಪಿಡಿ

ಗೋಡೆಯಲ್ಲಿ ಒದ್ದೆ ಕಂಡ ಜಾಗದಲ್ಲೇ ಪೈಪು ಒಡೆದಿದೆ ಎಂದು ಅನುಭವಿ ಪ್ಲಂಬರ್ ಯಾರೂ ನಂಬುವುದಿಲ್ಲ. ನೀರು ಮೇಲೆಲ್ಲೋ ಸೋರಿ, ಇಳಿಜಾರು ಸಿಕ್ಕ ಕಡೆ ಹರಿದು, ಇಲ್ಲಿ ಬಂದು ಮುಖ ತೋರಿಸಿರುತ್ತದೆ. ಕತೆಯಲ್ಲಿ ಓದುಗನ ಆಸಕ್ತಿ ಸೋರುವುದೂ ಹೀಗೇ. 40ನೇ ಪುಟದಲ್ಲಿ ಪುಸ್ತಕ ಮಡಚಿಟ್ಟವನನ್ನು ದಣಿಸಿದ್ದು ಬಹುಪಾಲು ಅದಕ್ಕೂ ಐದು-ಹತ್ತು ಪುಟ ಹಿಂದಿನ ಭಾಗ. ಆಸಕ್ತಿ ಸತ್ತ ಮೇಲೂ ಓದುಗ ಸ್ವಲ್ಪ ದೂರ ದಾಕ್ಷಿಣ್ಯಕ್ಕೆ ನಡೆದು ಬರುತ್ತಾನೆ. ಆ ದಾಕ್ಷಿಣ್ಯ ಮುಗಿದ ಜಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹಾಗಾಗಿ 40ನೇ ಪುಟವನ್ನು ಎಷ್ಟು ತಿದ್ದಿ ತೀಡಿದರೂ ಮುಂದಿನ ಓದುಗ 42ರಲ್ಲಿ ಕೈಬಿಡುತ್ತಾನೆ.

ಈ ಕೈಪಿಡಿ ಒಂದು ಕರಡು ಪೂರ್ತಿ ಮುಗಿದ ಮೇಲೆ ಬಳಸಲಿಕ್ಕೆ. ಬರೆಯುವ ಹೊತ್ತಿನಲ್ಲೇ ಪಕ್ಕಕ್ಕಿಟ್ಟುಕೊಂಡರೆ ಮೂರನೇ ಸಾಲಿಗೆ ಕೈ ಕಟ್ಟಿಹೋಗುತ್ತದೆ. ಸಣ್ಣಕತೆ, ಕಾದಂಬರಿ, ಧಾರಾವಾಹಿ ಮೂರಕ್ಕೂ ಕ್ರಮ ಒಂದೇ, ಅಳತೆ ಬೇರೆ. ಇಲ್ಲಿ ಬರುವ ಅಂಕಿಗಳೆಲ್ಲ ಕೈಯಳತೆ. ಪುಟ ಎಂದಲ್ಲೆಲ್ಲ ಸುಮಾರು 200 ಪದ ಎಂದುಕೊಳ್ಳಿ.

ಮೊದಲು ಜಾಗ ಗುರುತಿಸಿ

ಬೇಕಾದ ಸಾಮಾನು ಹೆಚ್ಚಿಲ್ಲ. ಪುಟಸಂಖ್ಯೆ ಹಾಕಿ ಮುದ್ರಿಸಿದ ಪ್ರತಿಗಳು, ಬರೆದುಕೊಳ್ಳಲು ಎಡಗಡೆ ಅಗಲವಾದ ಅಂಚು, ಪೆನ್ಸಿಲ್. ಜೊತೆಗೆ, ಆ ಕತೆಯ ಬಗ್ಗೆ ನಿಮ್ಮ ಬಾಯಿಂದ ಒಂದು ಮಾತೂ ಕೇಳಿರದ ಎಂಟು ಓದುಗರು. ಐವರು ಮೊದಲ ಸುತ್ತಿಗೆ. ಉಳಿದ ಮೂವರಿಗೆ ಈಗ ಪ್ರತಿ ಕೊಡಬೇಡಿ, ಅವರ ಕೆಲಸ ಕೊನೆಗೆ ಬರುತ್ತದೆ. ಎಂಟೂ ಜನ ಬರಹಗಾರರೇ ಆಗಿರುವುದು ಬೇಡ. ಬರಹಗಾರರಿಗೆ ಕರಡು ಕೊಟ್ಟರೆ ಓದುವುದನ್ನು ಬಿಟ್ಟು ರಿಪೇರಿಗೆ ಕೂರುತ್ತಾರೆ.

ಓದುಗರಿಗೆ ಮೂರು ಗುರುತು ಮಾತ್ರ ಹೇಳಿಕೊಡಿ. ಓದು ನಿಲ್ಲಿಸಿದ ಕಡೆ ಅಡ್ಡಗೆರೆ. ಹಾರಿಸಿದ ಸಾಲುಗಳ ಪಕ್ಕ ಅಲೆಗೆರೆ. ಅರ್ಥವಾಗದೆ ಹಿಂದೆ ಹೋಗಿ ಓದಿದ ಕಡೆ ಪ್ರಶ್ನೆಚಿಹ್ನೆ. ಅಭಿಪ್ರಾಯ ಬರೆಯುವುದು ಬೇಡ, ಕಾರಣ ಬರೆಯುವುದಂತೂ ಬೇಡವೇ ಬೇಡ. "ಫೋನ್ ಬಂತು, ಅದಕ್ಕೆ ಇಟ್ಟೆ" ಎಂದರೂ ಅಡ್ಡಗೆರೆ ಹಾಕಲೇಬೇಕು. ಕತೆ ಹಿಡಿದಿಟ್ಟಿದ್ದರೆ ಆ ಫೋನನ್ನು ಪುಟದ ನಡುವೆ ಬೆರಳಿಟ್ಟುಕೊಂಡೇ ಮಾತಾಡಿ ಮುಗಿಸುತ್ತಿದ್ದರು.

ಪ್ರತಿಗಳು ವಾಪಸು ಬಂದ ಮೇಲೆ ಐದರ ಗುರುತುಗಳನ್ನೂ ಒಂದೇ ಪ್ರತಿಗೆ ಇಳಿಸಿ. ಒಬ್ಬರ ಗುರುತು ಒಂಟಿಯಾಗಿದ್ದರೆ ಬಿಟ್ಟುಬಿಡಿ. ಎರಡು ಪುಟದ ಅಂತರದಲ್ಲಿ ಇಬ್ಬರ ಗುರುತು ಬಿದ್ದಿದ್ದರೆ ಅನುಮಾನಿಸಿ. ಮೂವರದು ಬಿದ್ದಿದ್ದರೆ ಅಲ್ಲಿಗೆ ನೀರು ಬರುತ್ತಿದೆ ಎಂದೇ ಅರ್ಥ. ಅಲ್ಲಿಂದ ಹಿಂದಕ್ಕೆ ನಡೆಯಿರಿ, ಕಾದಂಬರಿಯಾದರೆ ಹತ್ತು ಪುಟ, ಸಣ್ಣಕತೆಯಾದರೆ 300ರಿಂದ 500 ಪದ. ದೋಷ ಹುಡುಕಬೇಕಾದ ಪ್ರದೇಶ ಅಷ್ಟು.

ಈಗ ಓದುಗರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: "ಈ ಜಾಗಕ್ಕೆ ಬಂದಾಗ ಮುಂದೆ ಏನಾಗಬಹುದು ಅಂದುಕೊಂಡಿದ್ರಿ?"

"ಏನೂ ಅಂದುಕೊಂಡಿರಲಿಲ್ಲ" ಎಂದರೆ ಅಲ್ಲಿ ತೆರೆದ ಪ್ರಶ್ನೆಯೇ ಇರಲಿಲ್ಲ. ನೀವು ಬರೆದಿದ್ದನ್ನೇ ಚಾಚೂ ತಪ್ಪದೆ ಹೇಳಿದರೆ ಮುಂದಿನದು ಮೊದಲೇ ಕಂಡುಹೋಗಿದೆ. "ಅವಳು ಹೇಳ್ತಾಳೋ ಇಲ್ವೋ ಅಂತಿದ್ದೆ" ಎಂಬ ಧಾಟಿಯ ಉತ್ತರ ಬಂದರೆ ಆ ಭಾಗ ಗಟ್ಟಿ, ದೋಷ ಬೇರೆ ಕಡೆ ಇದೆ. "ಹೇಗಿತ್ತು?" ಎಂದು ಮಾತ್ರ ಕೇಳಬೇಡಿ. ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ.

ಇನ್ನೊಂದು ಎಚ್ಚರ. ಓದುಗರು ಹೇಳುವ ನೋವು ನಿಜ, ಸೂಚಿಸುವ ಮದ್ದು ಸಾಮಾನ್ಯವಾಗಿ ತಪ್ಪು. "ಇಲ್ಲಿ ಬೇಜಾರಾಯ್ತು" ಎಂದಿದ್ದನ್ನು ಬರೆದುಕೊಳ್ಳಿ. "ಇಲ್ಲಿ ಒಂದು ಕೊಲೆ ಇಟ್ಟುಬಿಡಿ" ಎಂದಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗಿ.

ದೃಶ್ಯಪಟ್ಟಿ ಮಾಡಿ

ಒಂದು ದೊಡ್ಡ ಹಾಳೆಯಲ್ಲಿ ದೃಶ್ಯಕ್ಕೊಂದು ಸಾಲಿನಂತೆ ಬರೆಯಿರಿ. ಜಾಗ ಅಥವಾ ಹೊತ್ತು ಬದಲಾದರೆ ಹೊಸ ದೃಶ್ಯ. ಪ್ರತಿ ಸಾಲಿನಲ್ಲಿ ಐದು ಖಾನೆ: ಪದಸಂಖ್ಯೆ, ಯಾರಿಗೆ ಏನು ಬೇಕು, ಅಡ್ಡ ನಿಂತಿರುವುದು ಏನು, ದೃಶ್ಯದ ಕೊನೆಗೆ ಏನು ಬದಲಾಯಿತು, ಯಾವ ಪ್ರಶ್ನೆ ತೆರೆಯಿತು ಅಥವಾ ಮುಚ್ಚಿತು. 3000 ಪದದ ಕತೆಯಲ್ಲಿ ನಾಲ್ಕರಿಂದ ಏಳು ದೃಶ್ಯ ಇರಬಹುದು. ಕಾದಂಬರಿಗೆ ಈ ಕೆಲಸ ಎರಡು-ಮೂರು ದಿನ ಹಿಡಿಯುತ್ತದೆ. ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಖಾನೆ ತುಂಬುವಾಗ ಕೈ ತಡೆದರೆ ಅದೇ ಸುಳಿವು. "ಬೇಕು" ಎಂಬ ಖಾನೆಯಲ್ಲಿ "ಅವಳ ಒಂಟಿತನ ತೋರಿಸುವುದು" ಎಂದು ಬರೆದಿದ್ದರೆ ಅದು ನಿಮಗೆ ಬೇಕಾದದ್ದು, ಅವಳಿಗಲ್ಲ. ಅವಳಿಗೆ ಬೇಕಾದದ್ದು ಕೈಗೆ ಸಿಗುವಂಥದ್ದಿರಬೇಕು: ಬೀಗದ ಕೈ, ಒಂದು ಸಹಿ, ಒಂದು ಕ್ಷಮೆ, ಎದುರಿನವರು ಕೋಣೆ ಬಿಟ್ಟು ಹೋಗುವುದು.

ಪಟ್ಟಿ ಮುಗಿದ ಮೇಲೆ ಒಂದು ದೃಶ್ಯಕ್ಕೂ ಮುಂದಿನದಕ್ಕೂ ನಡುವೆ ಜೋಡಿಸುವ ಪದ ಬರೆಯಿರಿ. "ಆದ್ದರಿಂದ" ಅಥವಾ "ಆದರೆ" ಕೂರುತ್ತಿದ್ದರೆ ಸರಿ. "ಆಮೇಲೆ" ಮಾತ್ರ ಕೂರುತ್ತಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟ ಉದಾಹರಣೆ ಇದಕ್ಕೇ ಸಂಬಂಧಿಸಿದ್ದು: ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಬರೀ ಸರದಿ, ರಾಜ ಸತ್ತ, ಆ ದುಃಖಕ್ಕೆ ರಾಣಿ ಸತ್ತಳು ಎಂದರೆ ಕಟ್ಟು. ಸಾಲಾಗಿ ಮೂರು "ಆಮೇಲೆ" ಬಿದ್ದ ಜಾಗವನ್ನೂ ಓದುಗರ ಅಡ್ಡಗೆರೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಅಡ್ಡಗೆರೆ ಅದರ ಬೆನ್ನಿಗೇ ಬಂದಿರುತ್ತದೆ.

ಅಡ್ಡಗೆರೆ ಎರಡನೇ ಪುಟದಲ್ಲೇ ಬಿದ್ದರೆ

ಇದೊಂದೇ ಸಂದರ್ಭದಲ್ಲಿ ಹಿಂದಕ್ಕೆ ನಡೆಯಲು ಜಾಗವಿಲ್ಲ. ದೋಷ ಅಲ್ಲೇ ಇದೆ. ಕಾರಣ ಸಾಧಾರಣವಾಗಿ ಮೂರರಲ್ಲಿ ಒಂದು: ಕತೆ ಶುರುವಾಗುವ ಮೊದಲೇ ಬರವಣಿಗೆ ಶುರುವಾಗಿದೆ, ಮೊದಲ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಹೆಸರು ಬಂದಿವೆ, ಅಥವಾ ಪಾತ್ರಕ್ಕೆ ಏನು ಬೇಕೆಂದು ತಿಳಿಯುವ ಮೊದಲೇ ಅದರ ಪೂರ್ವಕತೆ ಬಿಚ್ಚಿಕೊಂಡಿದೆ. ಈ ತುಣುಕು ನೋಡಿ.

"ರಾಘವನು ಬೆಳಗ್ಗೆ ಎದ್ದು, ಮುಖ ತೊಳೆದು, ಬಟ್ಟೆ ಬದಲಿಸಿ, ಬಾಗಿಲಿಗೆ ಬೀಗ ಹಾಕಿ, ಬಸ್ಸು ಹಿಡಿದು ಆಸ್ಪತ್ರೆಗೆ ಬಂದನು. ಆಸ್ಪತ್ರೆ ತುಂಬಾ ದೊಡ್ಡದಾಗಿತ್ತು. ಎಲ್ಲೆಡೆ ಜನ ಓಡಾಡುತ್ತಿದ್ದರು. ಅವನ ಮನಸ್ಸು ಭಾರವಾಗಿತ್ತು. ಹತ್ತು ವರ್ಷಗಳ ಹಿಂದೆ ಅಣ್ಣನೊಂದಿಗೆ ಜಗಳವಾಡಿ ಅವನು ಮನೆ ಬಿಟ್ಟಿದ್ದನು. ಅಂದಿನಿಂದ ಇಬ್ಬರೂ ಮಾತನಾಡಿರಲಿಲ್ಲ. ಈಗ ಅಣ್ಣನಿಗೆ ಹುಷಾರಿಲ್ಲವೆಂದು ತಿಳಿದು ನೋಡಲು ಬಂದಿದ್ದನು."

ಒಂದೂ ವಾಕ್ಯ ತಪ್ಪಿಲ್ಲ. ಆದರೂ ಓದುಗ ಮುಂದಿನ ಪ್ಯಾರಾಕ್ಕೆ ಹೋಗಬೇಕಾದ ಕಾರಣ ಇದರಲ್ಲಿಲ್ಲ. ಜಗಳ ಆಗಿತ್ತು, ಮಾತಿರಲಿಲ್ಲ, ಈಗ ಬಂದ. ಕೇಳುವ ಮೊದಲೇ ಎಲ್ಲಕ್ಕೂ ಉತ್ತರ ಕೊಟ್ಟಾಗಿದೆ. "ಮನಸ್ಸು ಭಾರವಾಗಿತ್ತು" ಎಂಬುದು ಓದುಗನ ಪಾಲಿನ ಕೆಲಸವನ್ನೂ ಕಿತ್ತುಕೊಂಡಿದೆ. ಅದೇ ಸರಕನ್ನು ಹೀಗೆ ಕೂರಿಸಬಹುದು:

"ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು, 'ಪೇಷೆಂಟಿಗೆ ನೀವು ಏನಾಗಬೇಕು?'
ರಾಘವ ಪೆನ್ನು ಹಿಡಿದುಕೊಂಡೇ ನಿಂತ. ಆ ಖಾನೆಗೆ ಒಂದು ಪದ ಸಾಕಿತ್ತು.
'ಪರಿಚಯದವರು,' ಎಂದ.
'ಪರಿಚಯದವರನ್ನ ಒಳಗೆ ಬಿಡಲ್ಲ. ಮನೆಯವರಿದ್ರೆ ಕರೆಸಿ. ಆರು ಗಂಟೆಗೆ ಕ್ಲೋಸು.'
ಅವಳ ಹಿಂದಿನ ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷವಿತ್ತು."

ಪದಗಳು ಕಡಿಮೆಯಾಗಿವೆ ಎಂಬುದು ಇಲ್ಲಿ ಮುಖ್ಯವಲ್ಲ. ದೃಶ್ಯಪಟ್ಟಿಯ ಖಾನೆಗಳು ಈಗ ತುಂಬುತ್ತವೆ: ಬೇಕಾದದ್ದು ಒಳಗೆ ಹೋಗುವುದು, ಅಡ್ಡ ನಿಂತಿದ್ದು ಅವನದೇ ಬಾಯಿ. ಎರಡು ಪ್ರಶ್ನೆ ತೆರೆದಿವೆ. ಹತ್ತು ನಿಮಿಷದಲ್ಲಿ ಆ ಪದ ಹೇಳುತ್ತಾನೋ ಇಲ್ಲವೋ ಎಂಬುದು ಸಣ್ಣದು. ಯಾಕೆ ಹೇಳಲಾರ ಎಂಬುದು ದೊಡ್ಡದು. ಹತ್ತು ವರ್ಷದ ಜಗಳ ಎಲ್ಲೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಅದು ಈಗ ಓದುಗ ಕೇಳುವ ಸಂಗತಿಯಾಗಿದೆ, ಅವನು ಕೇಳಿದ ಮೇಲೆ ಎರಡು ಪುಟ ಬಿಟ್ಟು ಕೊಡಿ. ಕೊಡುವಾಗಲೂ ಒಂದೇ ಸಲಕ್ಕೆ ಎರಡು-ಮೂರು ವಾಕ್ಯ ಸಾಕು.

ಅಳತೆ ಹೇಳುವುದಾದರೆ, ಸಣ್ಣಕತೆಯಲ್ಲಿ ಮೊದಲ 150-200 ಪದದೊಳಗೆ ಏನೋ ಒಂದು ಸಮತೋಲ ತಪ್ಪಬೇಕು. ಕಾದಂಬರಿಗೆ ಐದಾರು ಪುಟದ ಸೈರಣೆ ಸಿಗುತ್ತದೆ. ಸಮತೋಲ ತಪ್ಪುವುದೆಂದರೆ ಸ್ಫೋಟ ಆಗಬೇಕೆಂದಲ್ಲ, ಅರ್ಜಿಯ ಒಂದು ಖಾನೆಯಿಂದಲೂ ಆಗುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಹೋಗದಿದ್ದರೆ ಎರಡನೆಯದನ್ನೂ ಮುಚ್ಚಿ. ಕಳೆದುಹೋಯಿತು ಅನ್ನಿಸುವವರೆಗೆ ಮುಚ್ಚುತ್ತ ಹೋಗಿ. ಕತೆಯ ಬಾಗಿಲು ಅಲ್ಲಿದೆ.

ಅಲೆಗೆರೆ: ಓದುಗ ಸಾಲು ಹಾರಿಸುತ್ತಿದ್ದಾನೆ

ಇದು ಜಾಗದ ದೋಷ, ಹಿಂದೆ ಹುಡುಕುವುದು ಬೇಡ. ಅಲೆಗೆರೆ ಬಿದ್ದ ಪ್ಯಾರಾವನ್ನು ಜೋರಾಗಿ ಓದಿ ನೋಡಿ. ಕನ್ನಡದಲ್ಲಿ ಇದಕ್ಕೆ ತನ್ನದೇ ಒಂದು ಕಾರಣವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಮೊದಲು ಎಷ್ಟು ಕೃದಂತಾವ್ಯಯ ಬೇಕಾದರೂ ಪೋಣಿಸಬಹುದು: ಎದ್ದು, ತೊಳೆದು, ಬದಲಿಸಿ, ಹಾಕಿ, ಹಿಡಿದು. ವ್ಯಾಕರಣ ತಡೆಯುವುದಿಲ್ಲ. ಆದರೆ ಓದುಗ ಅಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಕೊನೆಯ ಕ್ರಿಯಾಪದಕ್ಕೆ ಕಾಯಬೇಕು. ಎಲ್ಲ ಕೆಲಸಕ್ಕೂ ಒಂದೇ ತೂಕ ಬಂದುಬಿಡುವುದರಿಂದ ಯಾವುದು ಮುಖ್ಯವೆಂದು ತಿಳಿಯುವುದಿಲ್ಲ. ಒಂದು ವಾಕ್ಯಕ್ಕೆ ಎರಡು, ಹೆಚ್ಚೆಂದರೆ ಮೂರು. ಮುಖ್ಯವಾದ ಕ್ರಿಯೆಯನ್ನು ಸರಪಣಿಯಿಂದ ಬಿಡಿಸಿ ಅದಕ್ಕೆ ಸ್ವಂತ ವಾಕ್ಯ ಕೊಡಿ. "ಬೀಗ ಹಾಕಿ, ಕೀಲಿಕೈ ಚೀಲಕ್ಕೆ ಸೇರಿಸಿ ಹೊರಟ" ಎನ್ನುವುದಕ್ಕೂ "ಬೀಗ ಹಾಕಿದ. ಕೀಲಿಕೈ ಅಲ್ಲೇ ಬಿಟ್ಟು ಹೊರಟ" ಎನ್ನುವುದಕ್ಕೂ ಎಷ್ಟು ದೂರ ನೋಡಿ.

ವರ್ಣನೆಯ ಮೇಲೆ ಅಲೆಗೆರೆ ಬಿದ್ದರೆ ವರ್ಣನೆ ಉದ್ದವಾಯಿತು ಎಂದೇ ಎಲ್ಲರೂ ಕತ್ತರಿ ಹಿಡಿಯುತ್ತಾರೆ. ಕತ್ತರಿಸುವ ಮೊದಲು ಯಾರು ನೋಡುತ್ತಿದ್ದಾರೆ ಎಂದು ಕೇಳಿ. ಯಾರೂ ನೋಡದ ಕೋಣೆ ನಾಲ್ಕು ಸಾಲಿಗೇ ಬೇಸರ ತರಿಸುತ್ತದೆ. ಓಡಿಹೋಗಲು ದಾರಿ ಹುಡುಕುತ್ತಿರುವವನು ನೋಡಿದ ಕೋಣೆಯನ್ನು ಒಂದು ಪುಟ ಓದಬಹುದು, ಯಾಕೆಂದರೆ ಕಿಟಕಿಯ ಚಿಲಕ ತುಕ್ಕು ಹಿಡಿದಿರುವುದು ಅಲ್ಲಿ ಸುದ್ದಿ. ಹಾಗೆ ನೋಡುವ ಕಣ್ಣು ಇಲ್ಲದ ಕಡೆ ಎರಡು ವಿವರ ಇಟ್ಟು ಮುಂದೆ ಹೋಗಿ. ಆ ಎರಡರಲ್ಲಿ ಒಂದಾದರೂ ಕಣ್ಣಿಗಲ್ಲದೆ ಕಿವಿಗೆ, ಮೂಗಿಗೆ ಅಥವಾ ಚರ್ಮಕ್ಕೆ ಸೇರಿದ್ದಾಗಿರಲಿ.

ಯೋಚನೆಗಳ ಮೇಲೆ ಬಿದ್ದರೆ "ಎಂದು ಯೋಚಿಸಿದನು", "ಎಂದು ಅವನಿಗೆ ಅನ್ನಿಸಿತು" ಎಷ್ಟು ಸಲ ಬಂದಿದೆ ಎಣಿಸಿ. ಪ್ರತಿ ಸಲವೂ ಓದುಗ ಪಾತ್ರದ ತಲೆಯಿಂದ ಹೊರಗೆ ಬಂದು ಲೇಖಕನ ಮುಖ ನೋಡುತ್ತಾನೆ. ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ, ತುಂಬ ಜನ ಬಳಸದೆ ಬಿಡುತ್ತಾರೆ: "ತಾನು." "ಅಣ್ಣ ತನ್ನನ್ನು ಗುರುತಿಸದಿರಬಹುದು ಎಂದು ರಾಘವ ಯೋಚಿಸಿದನು" ಎನ್ನುವ ಬದಲು "ಅಣ್ಣ ತನ್ನ ಗುರುತು ಹಿಡಿಯದಿದ್ದರೆ? ಹಿಡಿದೂ ಮುಖ ತಿರುಗಿಸಿದರೆ?" ಎನ್ನಿ. "ತನ್ನ" ಎಂಬ ಒಂದೇ ಪದ ಇದು ಯಾರ ಯೋಚನೆ ಎಂದು ಹೇಳಿಬಿಡುತ್ತದೆ, "ಯೋಚಿಸಿದನು" ಬೇಕೇ ಆಗುವುದಿಲ್ಲ.

ಸಂಭಾಷಣೆಯಲ್ಲಿ ಅಲೆಗೆರೆ ಅಪರೂಪ. ಬಿದ್ದರೆ ಕಾರಣ ಎರಡೇ. ಪಾತ್ರಗಳು ಇಬ್ಬರಿಗೂ ಗೊತ್ತಿರುವುದನ್ನು ಓದುಗನಿಗಾಗಿ ಹೇಳಿಕೊಳ್ಳುತ್ತಿವೆ ("ನಿನಗೆ ಗೊತ್ತಲ್ಲ, ನಮ್ಮಪ್ಪ ತೀರಿಕೊಂಡು ಆರು ವರ್ಷವಾಯಿತು"), ಇಲ್ಲವೇ ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಡುತ್ತಿವೆ. ಪ್ರಶ್ನೆಗೆ ಉತ್ತರದ ಬದಲು ಇನ್ನೊಂದು ಪ್ರಶ್ನೆ, ಮೌನ ಅಥವಾ ಬೇರೆ ವಿಷಯ ಬಂದಾಗ ಕಿವಿ ನಿಮಿರುತ್ತದೆ. ಗ್ರಂಥದ ಕನ್ನಡದಲ್ಲಿ ಜಗಳವಾಡುವ ಪಾತ್ರಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಪ್ರಶ್ನೆಚಿಹ್ನೆ: ಹಿಂದೆ ಹೋಗಿ ಓದಿದ

ಗೊಂದಲವನ್ನು ನಿಗೂಢತೆ ಎಂದುಕೊಳ್ಳುವ ಲೇಖಕರು ಕಡಿಮೆಯಿಲ್ಲ. ಏನಾಗಲಿದೆ ಎಂದು ತಿಳಿಯದಿದ್ದರೆ ಓದುಗ ಮುಂದೆ ಹೋಗುತ್ತಾನೆ. ಏನಾಗುತ್ತಿದೆ ಎಂದೇ ತಿಳಿಯದಿದ್ದರೆ ಹಿಂದೆ ಹೋಗುತ್ತಾನೆ, ಎರಡು-ಮೂರು ಸಲ ಹೀಗಾದರೆ ಹೊರಗೆ ಹೋಗುತ್ತಾನೆ.

ಮೊದಲು ನೋಡಬೇಕಾದದ್ದು ಕರ್ತೃಪದ. ಕ್ರಿಯಾಪದದ ಪ್ರತ್ಯಯವೇ ಲಿಂಗ, ವಚನ ಹೇಳುವುದರಿಂದ ನಾವು ಕರ್ತೃವನ್ನು ಬಿಟ್ಟು ಬರೆಯುತ್ತೇವೆ. ಒಬ್ಬ ಗಂಡಸು, ಒಬ್ಬ ಹೆಂಗಸು ಇರುವ ದೃಶ್ಯದಲ್ಲಿ ಅದು ಸೊಗಸು. ಇಬ್ಬರು ಹೆಂಗಸರಿದ್ದರೆ ಕೆಡುತ್ತದೆ. "ಸುಮಾ ಅಕ್ಕನ ಕೋಣೆಗೆ ಹೋದಳು. ಪತ್ರ ಓದುತ್ತಿದ್ದಳು. ನೋಡಿದ ಕೂಡಲೇ ಅತ್ತಳು." ಓದುತ್ತಿದ್ದವಳು ಯಾರು, ಅತ್ತವಳು ಯಾರು? ಬರೆದವರಿಗೆ ಗೊತ್ತಿರುವುದರಿಂದ ಅವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಒಂದೇ ಲಿಂಗದ ಇಬ್ಬರಿರುವ ದೃಶ್ಯಗಳನ್ನು ಮಾತ್ರ ಆರಿಸಿ, ಪ್ರತಿ "ದಳು", "ದನು" ಕೆಳಗೆ ಗೆರೆ ಎಳೆದು, ಯಾರೆಂದು ಬೆರಳಿಟ್ಟು ಹೇಳುತ್ತ ಹೋಗಿ. ಬೆರಳು ತಡವರಿಸಿದ ಕಡೆ ಹೆಸರು ಹಾಕಿ. ಎರಡನೆಯದು ಕಾಲ. ಹಿಂದಿನ ಕತೆಗೆ ಜಾರುವಾಗ ಮೊದಲ ಎರಡು ಕ್ರಿಯಾಪದಗಳಿಗೆ "ಹೋಗಿದ್ದ", "ಹೇಳಿದ್ದ" ಎಂಬ ರೂಪ ಕೊಟ್ಟು, ಆಮೇಲೆ ಮಾಮೂಲು ಭೂತಕಾಲಕ್ಕೆ ಇಳಿಯಿರಿ. ಮರಳಿ ಬರುವಾಗ ಬಿಟ್ಟುಹೋದ ವಸ್ತುವನ್ನೇ ಮುಟ್ಟಿ ಬನ್ನಿ: ಕೌಂಟರು, ಪೆನ್ನು, ಗಡಿಯಾರ.

ನಡುಭಾಗ ಕುಸಿದಿದ್ದರೆ

ಕಾದಂಬರಿಗಳು ಸಾಯುವುದು ಹೆಚ್ಚಾಗಿ ಇಲ್ಲೇ, ಮೂರನೇ ಒಂದು ಭಾಗ ದಾಟಿದ ಮೇಲೆ. ಪಟ್ಟಿಯ ಕೊನೆಯ ಎರಡು ಖಾನೆ ನೋಡಿ. ಆರಂಭದ ಪ್ರಶ್ನೆ ಮುಚ್ಚಿದ ಮೇಲೆ ಹೊಸದು ತೆರೆಯದೆ ಎಷ್ಟು ದೃಶ್ಯ ಕಳೆದವು? ಅಥವಾ ಪ್ರಶ್ನೆ ತೆರೆದೇ ಇದ್ದು, ಸಾಲಾಗಿ ಮೂರು ದೃಶ್ಯದ ಕೊನೆಗೆ ಪರಿಸ್ಥಿತಿ ಇದ್ದಂತೆಯೇ ಇದೆಯೇ? ಎರಡೂ ಒಂದೇ ರೋಗದ ಎರಡು ಮುಖ.

ಪ್ರಶ್ನೆಗಳನ್ನು ಮೂರು ಅಳತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ಪುಟದವರೆಗೂ ನಡೆಯುವ ದೊಡ್ಡದು ಒಂದು, ಮೂರು-ನಾಲ್ಕು ಅಧ್ಯಾಯ ನಡೆಯುವ ನಡು ಅಳತೆಯವು ಒಂದೆರಡು, ದೃಶ್ಯದೊಳಗೇ ಮುಗಿಯುವ ಸಣ್ಣವು. ಯಾವುದನ್ನೇ ಮುಚ್ಚುವ ಮೊದಲು ಅದೇ ಅಳತೆಯ ಇನ್ನೊಂದು ತೆರೆದಿರಬೇಕು. ರಾಘವ ಕಡೆಗೂ "ತಮ್ಮ" ಎಂದು ಬರೆದು ಒಳಗೆ ಹೋದ ಎಂದಿಟ್ಟುಕೊಳ್ಳಿ, ಸಣ್ಣ ಪ್ರಶ್ನೆ ಮುಚ್ಚಿತು. ಆ ಹೊತ್ತಿಗೆ ಕೌಂಟರಿನ ಹುಡುಗಿ "ನಿನ್ನೆ ಸಂಜೆ ಯಾರೋ ಬಂದು ಬಿಲ್ಲು ಪೂರ್ತಿ ಕಟ್ಟಿ ಹೋದರಂತೆ" ಎಂದಿರಬೇಕು. "ಯಾರೋ" ಮತ್ತು "ಅಂತೆ" ಸೇರಿ ಎಂಟು ಪದದಲ್ಲಿ ಒಂದು ಬಾಗಿಲು ತೆರೆದಿವೆ. "ಅಂತೆ" ನಿರೂಪಕನ ಬಾಯಲ್ಲಿ ಬಂದರೆ ಮಾತ್ರ ಹುಷಾರು, ಅವನಿಗೆ ಯಾರು ಹೇಳಿದರು ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿರಬೇಕು.

ರಿಪೇರಿಯ ಕ್ರಮ ಅಗ್ಗದಿಂದ ದುಬಾರಿಯ ಕಡೆಗೆ ಹೋಗಲಿ.

1. ದೃಶ್ಯವನ್ನು ಕಿತ್ತು ನೋಡಿ. ಮುಂದೆಲ್ಲೂ ಅದರ ಕೊರತೆ ಕಾಣದಿದ್ದರೆ ವಾಪಸು ಇಡಬೇಡಿ. ಒಂದೇ ಒಂದು ವಾಕ್ಯದ ಕೊರತೆ ಕಂಡರೆ ಆ ವಾಕ್ಯವನ್ನು ಪಕ್ಕದ ದೃಶ್ಯಕ್ಕೆ ಸಾಗಿಸಿ.
2. ಎರಡು ಸಪ್ಪೆ ದೃಶ್ಯಗಳನ್ನು ಒಂದೇ ಕೋಣೆಗೆ ತನ್ನಿ. ಒಬ್ಬನಿಗೆ ಬೇಕಾದದ್ದೇ ಇನ್ನೊಬ್ಬನಿಗೆ ಅಡ್ಡಿಯಾಗುವಂತೆ ಜೋಡಿಸಲು ಬಂದರೆ ಅರ್ಧ ಕೆಲಸ ಮುಗಿಯಿತು.
3. ಸರದಿ ಬದಲಿಸಿ. ಓದುಗನಿಗೆ ತಡವಾಗಿ ತಿಳಿಯುತ್ತಿದ್ದುದನ್ನು ಮೊದಲೇ ತಿಳಿಸಿದರೆ ನಡುವಿನ ದೃಶ್ಯಗಳಿಗೆ ಜೀವ ಬರುತ್ತದೆಯೇ ನೋಡಿ.
4. ಇವು ಮೂರೂ ಆಗದಿದ್ದರೆ ಮಾತ್ರ ಹೊಸ ದೃಶ್ಯ ಬರೆಯಿರಿ.

ಹೆಚ್ಚಿನವರು ನಾಲ್ಕರಿಂದ ಶುರು ಮಾಡುತ್ತಾರೆ. ಕತೆ ಬತ್ತಿದ ಕಡೆ ಒಂದು ಅಪಘಾತ, ಒಂದು ಸಾವು ತಂದು ಸುರಿಯುತ್ತಾರೆ. ಪಾತ್ರ ತಾನೇ ಮಾಡಿದ ಒಂದು ತೀರ್ಮಾನದಿಂದ ಹುಟ್ಟದ ಅನಾಹುತ ಎರಡು ಪುಟ ಬೆಚ್ಚಿಬೀಳಿಸುತ್ತದೆ, ಮೂರನೇ ಪುಟಕ್ಕೆ ಮತ್ತೆ ಬರ. ನಾಯಕ ಬರೀ ಏಟು ತಿನ್ನುತ್ತಿದ್ದಾನೋ ಅಥವಾ ಏನಾದರೂ ಮಾಡುತ್ತಿದ್ದಾನೋ ಎಂದು ತಿಳಿಯಲು ದೃಶ್ಯಪಟ್ಟಿಯಲ್ಲಿ ಅವನು ತೀರ್ಮಾನ ತೆಗೆದುಕೊಂಡ ಸಾಲುಗಳಿಗೆ ಚುಕ್ಕೆ ಇಡಿ. ಐದು ದೃಶ್ಯದಲ್ಲಿ ಒಂದೂ ಚುಕ್ಕೆಯಿಲ್ಲದಿದ್ದರೆ ಕುಸಿತದ ಮೂಲ ಅಲ್ಲಿದೆ. ತಪ್ಪು ತೀರ್ಮಾನಕ್ಕೂ ಚುಕ್ಕೆ ಉಂಟು, ಹೆಚ್ಚಾಗಿ ಅದೇ ವಾಸಿ.

ಒಂದು ವಿನಾಯಿತಿ. ದೊಡ್ಡ ಪೆಟ್ಟಿನ ದೃಶ್ಯದ ಬೆನ್ನಿಗೆ ಬರುವ ತಣ್ಣನೆಯ ಒಂದು ದೃಶ್ಯವನ್ನು, ಅದರಲ್ಲಿ ಏನೂ ಆಗುವುದಿಲ್ಲ ಎಂದು ಕೀಳಬೇಡಿ. ಓದುಗ ಉಸಿರು ಬಿಡುವುದು ಅಲ್ಲೇ. ಅಂಥವು ಎರಡು ಒಟ್ಟಿಗೆ ಬಂದರೆ ಮಾತ್ರ ತೊಂದರೆ.

ಗುಟ್ಟು ಮುಚ್ಚಿಟ್ಟರೂ ಕುತೂಹಲ ಹುಟ್ಟುತ್ತಿಲ್ಲ

ಮುಚ್ಚಿಟ್ಟಷ್ಟೂ ಕುತೂಹಲ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಚಿತ್ರನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದ. ಮೇಜಿನ ಕೆಳಗೆ ಬಾಂಬಿದೆ, ನೋಡುವವರಿಗೆ ಗೊತ್ತಿಲ್ಲ, ಸಿಡಿಯುತ್ತದೆ: 15 ಸೆಕೆಂಡಿನ ಆಶ್ಚರ್ಯ. ಬಾಂಬಿರುವುದು ನೋಡುವವರಿಗೆ ಗೊತ್ತಿದೆ, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲ: ಅದೇ ಮಾತುಕತೆ 15 ನಿಮಿಷದ ತಳಮಳವಾಗುತ್ತದೆ. ನಿಮ್ಮ ಕತೆಯಲ್ಲಿ ಮುಚ್ಚಿಟ್ಟ ಪ್ರತಿ ಸಂಗತಿಗೂ ಇದೇ ಲೆಕ್ಕ ಹಾಕಿ. ಹೇಳಿಬಿಟ್ಟರೆ ಎಷ್ಟು ಪುಟಕ್ಕೆ ತಳಮಳ, ಮುಚ್ಚಿಟ್ಟರೆ ಎಷ್ಟು ಸಾಲಿಗೆ ಆಶ್ಚರ್ಯ? ಮುಚ್ಚಿಡುವುದೇ ಲಾಭವೆಂದು ಕಂಡರೆ ಸರಿ. ಆದರೆ ಯಾರ ತಲೆಯೊಳಗಿಂದ ಕತೆ ಹೇಳುತ್ತಿದ್ದೀರೋ ಅವರಿಗೇ ಗೊತ್ತಿರುವುದನ್ನು ಓದುಗನಿಂದ ಬಚ್ಚಿಡುವಂತಿಲ್ಲ. ನೂರು ಪುಟ ಒಬ್ಬಳ ಮನಸ್ಸಿನಲ್ಲೇ ಕೂತಿದ್ದು, ಕೊಲೆ ಮಾಡಿದವಳು ಅವಳೇ ಎಂದು ಕೊನೆಗೆ ತಿಳಿದರೆ ಓದುಗನಿಗೆ ಬೆರಗಿಗಿಂತ ಮೋಸ ಹೋದ ಭಾವವೇ ಹೆಚ್ಚು.

ಅಧ್ಯಾಯದ ಕೊನೆಗಳು

ಧಾರಾವಾಹಿ ಬರೆಯುವವರು ಪ್ರತಿ ಕಂತನ್ನೂ ಬಾಗಿಲು ಬಡಿದ ಸದ್ದಿನಲ್ಲಿ ನಿಲ್ಲಿಸುತ್ತಾರೆ. ಇದಕ್ಕೆ ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಆಧಾರವಾಗಿ ಹೇಳುವುದುಂಟು: ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿರುತ್ತದೆ ಎಂಬುದು. ಆ ಪ್ರಯೋಗ ನಡೆದದ್ದು ಜನ ತಾವೇ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳ ಮೇಲೆ, ಕತೆಯ ಮೇಲಲ್ಲ. ನಂತರದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಥರ ಬಂದೂ ಇಲ್ಲ. ಅದರ ಮೇಲೆ ಹೆಚ್ಚು ಭಾರ ಹಾಕದಿರುವುದು ಒಳ್ಳೆಯದು. ಬಾಗಿಲು ತೆರೆದಾಗ ಎರಡು ಸಲ ಬೆಕ್ಕು ಕಂಡರೆ ಮೂರನೇ ಸದ್ದನ್ನು ಓದುಗ ನಂಬುವುದಿಲ್ಲ. ಅಧ್ಯಾಯಗಳ ಕೊನೆಯ ಎರಡೆರಡು ಸಾಲುಗಳನ್ನಷ್ಟೇ ಒಂದು ಹಾಳೆಗೆ ಎತ್ತಿ ಬರೆದು ಒಟ್ಟಿಗೆ ಓದಿ. ಎಲ್ಲವೂ ಒಂದೇ ರಾಗ ಹಾಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಕಡೆ ಅಪಾಯ, ಒಂದು ಕಡೆ ತೀರ್ಮಾನ, ಒಂದು ಕಡೆ ಹೊಸ ಸಂಗತಿ, ಇನ್ನೊಂದು ಕಡೆ ಸುಮ್ಮನೆ ಒಂದು ಚಿತ್ರ, ಹೀಗೆ ಬದಲಾಗುತ್ತಿರಲಿ.

"ಪಾತ್ರ ಇಷ್ಟವಾಗಲಿಲ್ಲ" ಎಂಬ ದೂರು

ಇದನ್ನು ಕೇಳಿದ ಕೂಡಲೇ ಪಾತ್ರಕ್ಕೆ ಒಳ್ಳೆಯತನ ಹಚ್ಚಲು ಹೋಗಬೇಡಿ. ಕಳ್ಳ, ಸುಳ್ಳುಗಾರ, ಜಿಪುಣನ ಹಿಂದೆಯೂ ಜನ ಮುನ್ನೂರು ಪುಟ ಬರುತ್ತಾರೆ. ಈ ದೂರಿನ ಅರ್ಥ ಹೆಚ್ಚಾಗಿ, ಅವನಿಗೆ ಏನು ಬೇಕು ಮತ್ತು ಸಿಗದಿದ್ದರೆ ಏನು ಕಳೆದುಕೊಳ್ಳುತ್ತಾನೆ ಎಂಬುದು ಕಾಣಲಿಲ್ಲ ಎಂದು. ಆ ಎರಡನ್ನು ಮೊದಲ ಹತ್ತನೇ ಒಂದು ಭಾಗದೊಳಗೆ ತೋರಿಸಿ. ಜೊತೆಗೆ ಅವನು ಚೆನ್ನಾಗಿ ಬಲ್ಲ ಒಂದು ಕೆಲಸವನ್ನು ಹತ್ತಿರದಿಂದ ಮಾಡಿಸಿ, ಬೀಗ ಬಿಚ್ಚುವುದೋ, ಲೆಕ್ಕ ಬರೆಯುವುದೋ ಏನಾದರೂ ಆಗಲಿ.

ಪೂರ್ತಿ ಓದಿದರು, ಆದರೆ ಮುಖ ಅರಳಲಿಲ್ಲ

ಅಡ್ಡಗೆರೆಯೇ ಇಲ್ಲ, ಆದರೂ ಪ್ರತಿ ವಾಪಸು ಕೊಡುವಾಗ ಉತ್ಸಾಹವಿಲ್ಲ. ಮುಕ್ತಾಯವನ್ನು ಮೂರು ಕಡೆ ತಟ್ಟಿ ನೋಡಿ. ಸಮಸ್ಯೆ ಕಾಕತಾಳೀಯದಿಂದ ಬಗೆಹರಿದಿದೆಯೇ? ಕಾಕತಾಳೀಯ ಪಾತ್ರವನ್ನು ಕಷ್ಟಕ್ಕೆ ನೂಕಬಹುದು, ಕಷ್ಟದಿಂದ ಎತ್ತಬಾರದು. ಕೊನೆಯಲ್ಲಿ ಕೆಲಸಕ್ಕೆ ಬಂದ ವಸ್ತು ಅಥವಾ ವ್ಯಕ್ತಿ ಮೊದಲು ಎರಡು ಸಲ ಕಂಡಿದೆಯೇ, ಅದೂ ಬೇರೆ ನೆಪದಲ್ಲಿ? ಒಂದು ಸಲ ಕಂಡದ್ದು ಮರೆತಿರುತ್ತದೆ. ಮೂರು ಸಲ ಕಂಡರೆ ಗುಟ್ಟು ರಟ್ಟು. ಇನ್ನು ಕೊನೆಯ ಪ್ಯಾರಾ ಓದುಗನಿಗೆ ಆಗಲೇ ತಿಳಿದದ್ದನ್ನು ಬಿಡಿಸಿ ಹೇಳುತ್ತಿದೆಯೇ? ಅದನ್ನು ಕೈಯಿಂದ ಮುಚ್ಚಿ ಓದಿ. ಕತೆ ಅಲ್ಲಿಗೇ ನಿಂತರೆ ಮುಚ್ಚಿದ್ದನ್ನು ಅಳಿಸಿ. ಕಾದಂಬರಿಯಲ್ಲಿ ಪದಸಂಖ್ಯೆಯ ಖಾನೆಯನ್ನೂ ನೋಡಿ. 200 ಪುಟ ಕಟ್ಟಿದ ಬಿಕ್ಕಟ್ಟು ಮೂರು ಪುಟದಲ್ಲಿ ಒಡೆದುಹೋದರೆ ಲೇಖಕ ಸುಸ್ತಾಗಿದ್ದ ಎಂದು ಓದುಗನಿಗೆ ಗೊತ್ತಾಗುತ್ತದೆ.

ಮರುಪರೀಕ್ಷೆ

ಒಂದು ಸಲಕ್ಕೆ ಒಂದೇ ರಿಪೇರಿ. ಕರಡಿಗೆ ಹೊಸ ಸಂಖ್ಯೆ ಕೊಟ್ಟು ಹಳೆಯದನ್ನು ಎತ್ತಿಡಿ. ಆರಂಭ, ನಡು, ಕೊನೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು, ಯಾವುದು ಹೊಸ ತೂತು ಕೊರೆಯಿತು ಎಂದು ತಿಳಿಯುವುದಿಲ್ಲ.

ಮುಟ್ಟದೆ ಇಟ್ಟಿದ್ದ ಮೂವರು ಈಗ ಬೇಕು. ಮೊದಲ ಐವರಿಗೆ ಮತ್ತೆ ಕೊಟ್ಟು ಪ್ರಯೋಜನವಿಲ್ಲ, ಒಂದು ಕತೆಯನ್ನು ಯಾರೂ ಎರಡು ಸಲ ಮೊದಲ ಬಾರಿಗೆ ಓದಲಾರರು. ರಿಪೇರಿ ಹಲವಾದರೆ ಮೂವರನ್ನೂ ಒಂದೇ ಸುತ್ತಿಗೆ ಖರ್ಚು ಮಾಡಬೇಡಿ, ದೊಡ್ಡ ದೋಷ ಸರಿಪಡಿಸಿದ ಮೇಲೆ ಒಬ್ಬರು, ಎಲ್ಲ ಮುಗಿದ ಮೇಲೆ ಇಬ್ಬರು. ಅದೇ ಮೂರು ಗುರುತು, ಅದೇ ಒಂದು ಪ್ರಶ್ನೆ.

ಅಡ್ಡಗೆರೆ 12ನೇ ಪುಟದಿಂದ 31ಕ್ಕೆ ಸರಿದಿದ್ದರೆ ನಿರಾಸೆ ಬೇಡ. ಮೊದಲ ಸುತ್ತಿನಲ್ಲಿ 31ರವರೆಗೆ ಉತ್ಸಾಹದಿಂದ ಬಂದವರೇ ಇರಲಿಲ್ಲ, ಹಾಗಾಗಿ ಅಲ್ಲಿನ ಸೋರಿಕೆ ಕಂಡಿರಲಿಲ್ಲ. ಗೆರೆ ಇದ್ದಲ್ಲೇ ಇದ್ದರೆ ತಪ್ಪು ಜಾಗ ತೋಡಿದ್ದೀರಿ, ಇನ್ನೂ ಹಿಂದಕ್ಕೆ ಹೋಗಿ. ಅಲೆಗೆರೆಗಳು ಎಲ್ಲ ಕಡೆ ಸಮನಾಗಿ ಚದುರಿದ್ದರೆ ಕಟ್ಟಿನಲ್ಲಿ ದೋಷವಿಲ್ಲ, ವಾಕ್ಯಗಳಲ್ಲಿದೆ. ದೃಶ್ಯಪಟ್ಟಿ ಮಡಚಿಟ್ಟು ಕೃದಂತಾವ್ಯಯಗಳನ್ನು ಎಣಿಸಲು ಕೂರಿ. ಮೂವರಲ್ಲಿ ಒಬ್ಬರದು ಮಾತ್ರ ಒಂಟಿ ಗೆರೆಯಿದ್ದು ಉಳಿದಿಬ್ಬರು ಕೊನೆಯವರೆಗೆ ಬಂದಿದ್ದರೆ ಆ ಗೆರೆಯನ್ನು ಮುಟ್ಟಬೇಡಿ, ಪ್ರತಿಯನ್ನು ಸಂಪಾದಕರಿಗೆ ಕಳಿಸಿ.